ಸಂಚಾರಿ: ಹಳೆಯ ಬಂಗಾಳಿ ಹಾಡು ಎದೆಗಿಳಿಯುವ ಜಾಗ

ಹಳೆಯ ಬಂಗಾಳಿ ಹಾಡುಗಳು ಇಷ್ಟೊಂದು ಕಾಡುವುದೇಕೆ ಎಂದು ಯಾರನ್ನಾದರೂ ಕೇಳಿ, ‘ಬಂಗಾಳಿಗಳೇ ಭಾವುಕ ಜನ’ ಎಂಬ ಉತ್ತರ ಸಿಗುತ್ತದೆ. ಅದು ಉತ್ತರವಲ್ಲ, ನುಣುಚಿಕೊಳ್ಳುವ ದಾರಿ. ಭಾವುಕರಲ್ಲದ ಜನ ಎಲ್ಲಿದ್ದಾರೆ? ರವೀಂದ್ರಸಂಗೀತವಾಗಲಿ (ರವೀಂದ್ರನಾಥ ಟ್ಯಾಗೋರರು ಬರೆದು ರಾಗ ಹಾಕಿದ ಹಾಡುಗಳು), 1940ರಿಂದ 70ರ ದಶಕದವರೆಗಿನ ‘ಆಧುನಿಕ’ ಹಾಡುಗಳಾಗಲಿ (ಆಧುನಿಕ್ ಗಾನ್ ಎನ್ನುವುದು ಅಲ್ಲಿ ಒಂದು ಪ್ರಕಾರದ ಹೆಸರು, ನಮ್ಮ ಸುಗಮ ಸಂಗೀತಕ್ಕೆ ಹತ್ತಿರ), ಬಿಚ್ಚಿ ನೋಡಿದರೆ ಕಣ್ಣು ತೇವವಾಗುವ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಬಹಳಷ್ಟು ಸಲ ಅದು ಹಾಡಿನ ಮೂರನೆಯ ಭಾಗ. ಹೆಸರು ಸಂಚಾರಿ.

ನಾಲ್ಕು ತುಕ್

ನಮಗೆ ಪಲ್ಲವಿ, ಅನುಪಲ್ಲವಿ, ಚರಣ ಗೊತ್ತು. ಹಿಂದಿ ಚಿತ್ರಗೀತೆಯಲ್ಲಿ ಮುಖಡಾ, ಅಂತರಾ, ಮತ್ತೊಂದು ಅಂತರಾ. ಹಿಂದೂಸ್ತಾನಿ ಸಂಗೀತದ ಖಯಾಲಿನಲ್ಲಿ ಬಂದಿಶ್‌ಗೆ, ಅಂದರೆ ಹಾಡುವ ರಚನೆಗೆ, ಎರಡೇ ಭಾಗ. ಅದಕ್ಕಿಂತ ಹಳೆಯ ಪ್ರಕಾರವಾದ ಧ್ರುಪದಕ್ಕೆ ಮಾತ್ರ ನಾಲ್ಕು: ಸ್ಥಾಯಿ, ಅಂತರಾ, ಸಂಚಾರಿ, ಆಭೋಗ. ಒಂದೊಂದು ಭಾಗವನ್ನೂ ‘ತುಕ್’ ಎನ್ನುತ್ತಾರೆ. (ನಮ್ಮಲ್ಲಿ ಸ್ಥಾಯಿ ಎಂದರೆ ಮಂದ್ರ, ಮಧ್ಯ, ತಾರ. ಇಲ್ಲಿ ಅದು ಹಾಡಿನ ಮೊದಲ ಭಾಗ. ಗೊಂದಲವಾಗದಿರಲೆಂದು ಮುಂದೆ ಅದನ್ನು ‘ಆಸ್ಥಾಯಿ’ ಎಂದೇ ಬರೆದಿದೆ.)

ಬಂಗಾಳದ ವಿಷ್ಣುಪುರ ಧ್ರುಪದದ ಊರು. ಅಲ್ಲಿನ ಯದು ಭಟ್ಟರು ಕೋಲ್ಕತ್ತದ ಜೋಡಾಸಾಂಕೊದ ಠಾಕೂರರ ಮನೆಯಲ್ಲಿ ಪಾಠ ಹೇಳಿದವರು. ರವೀಂದ್ರನಾಥರು ಹುಡುಗನಾಗಿದ್ದಾಗ ಕಿವಿಗೆ ಬಿದ್ದ ಈ ನಾಲ್ಕು ಭಾಗದ ಕಟ್ಟು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರು ಬರೆದ ಸುಮಾರು 2,200 ಹಾಡುಗಳಲ್ಲಿ ಬಹುಪಾಲಿಗೆ ಇದೇ ಚೌಕಟ್ಟು. ಮುಂದೆ ಸಿನಿಮಾ ಮತ್ತು ಗ್ರಾಮಫೋನ್ ಸಂಯೋಜಕರಿಗೂ ಅಲ್ಲಿಂದಲೇ ಬಂತು. ಉತ್ತರ ಭಾರತದ ಉಳಿದ ಕಡೆ ಖಯಾಲು, ಠುಮ್ರಿಗಳ ಎದುರು ಧ್ರುಪದ ಹಿಂದೆ ಸರಿದ ಮೇಲೂ ಅದರ ಒಂದು ಅಂಗ ಬಂಗಾಳದ ಬೀದಿ ಹಾಡಿನಲ್ಲಿ ಉಳಿದುಕೊಂಡಿತು ಎನ್ನುವುದು ಸಣ್ಣ ಸಂಗತಿಯಲ್ಲ.

ಕೆಲಸ ನಡೆಯುವುದು ಹೀಗೆ. ಆಸ್ಥಾಯಿ ವಿಷಯವನ್ನು ಇಡುತ್ತದೆ. ಸಾಮಾನ್ಯವಾಗಿ ಮಧ್ಯದ ಷಡ್ಜದ ಆಸುಪಾಸಿನಲ್ಲೇ ಓಡಾಟ. ಅಂತರಾ ಮೇಲೇರಿ ತಾರ ಷಡ್ಜವನ್ನು ಮುಟ್ಟಿ, ಮತ್ತೆ ಆಸ್ಥಾಯಿಯ ಮೊದಲ ಸಾಲಿಗೆ ಇಳಿಯುತ್ತದೆ. ಇಲ್ಲಿಗೆ ಹಾಡು ಮುಗಿಯಿತೆಂದೇ ಕಿವಿಗೆ ಅನ್ನಿಸಬೇಕು. ಆಗ ಸಂಚಾರಿ ಶುರುವಾಗುತ್ತದೆ. ಹೊಸ ಧಾಟಿ, ಸಾಮಾನ್ಯವಾಗಿ ಕೆಳಗಿನ ಸ್ವರಗಳಲ್ಲಿ, ಎರಡೇ ಎರಡು ಸಾಲು. ಹೊರಗೆ ನಿಂತು ಮಾತಾಡುತ್ತಿದ್ದವರು ಒಳಗೆ ಬಂದು ಕೂತು ದನಿ ತಗ್ಗಿಸಿದ ಹಾಗೆ. ಮುಖ್ಯವಾದದ್ದು ಇನ್ನೊಂದು ನಿಯಮ: ಸಂಚಾರಿ ಮುಗಿದ ಮೇಲೆ ಆಸ್ಥಾಯಿಗೆ ಮರಳುವಂತಿಲ್ಲ, ನೇರವಾಗಿ ಆಭೋಗಕ್ಕೆ ಹೋಗಬೇಕು. ಆಭೋಗದ ಧಾಟಿ ಹೆಚ್ಚಾಗಿ ಅಂತರಾದ್ದೇ. ಅಂದರೆ ತಗ್ಗಿನಿಂದ ಏಕಾಏಕಿ ಏರು, ಆದರೆ ಅದು ಈಗಾಗಲೇ ನಡೆದು ಗೊತ್ತಿರುವ ಏರು. ಧಾಟಿ ಹಳೆಯದು, ಮಾತು ಹೊಸದು. ಎದೆ ಹಿಂಡುವುದು ಈ ಜೋಡಣೆ.

‘ತುಮಿ ರೊಬೆ ನೀರೊಬೆ’ ಎಂಬ, ಬಿಹಾಗ್ ರಾಗದ ರವೀಂದ್ರನಾಥರ ಹಾಡು ಇದಕ್ಕೆ ಒಳ್ಳೆಯ ಮಾದರಿ. ಆಸ್ಥಾಯಿ: ನೀನು ನನ್ನ ಹೃದಯದಲ್ಲಿ ಮೌನವಾಗಿರುತ್ತೀಯೆ, ದಟ್ಟವಾದ ಏಕಾಂತದ ಹುಣ್ಣಿಮೆ ರಾತ್ರಿಯಂತೆ. ಅಂತರಾ: ನನ್ನ ಬದುಕು, ಯೌವನ, ಇಡೀ ಲೋಕವನ್ನು ನೀನು ಗೌರವದಿಂದ ತುಂಬುತ್ತೀಯೆ, ರಾತ್ರಿಯಂತೆ. ಇಷ್ಟರವರೆಗೆ ಇದೊಂದು ಚೆಂದದ ಸ್ತುತಿ, ಅಷ್ಟೆ. ಸಂಚಾರಿಯಲ್ಲಿ ಮಾತು ಸಣ್ಣದಾಗುತ್ತದೆ: ನಿನ್ನ ಕರುಣೆಯ ಕಣ್ಣು ಒಂಟಿಯಾಗಿ ಎಚ್ಚರವಿರುತ್ತದೆ, ನಿನ್ನ ಸೆರಗಿನ ನೆರಳು ನನ್ನನ್ನು ಮುಚ್ಚಿರುತ್ತದೆ. ಕೂಡಲೇ ಆಭೋಗ, ಅಂತರಾದ ಧಾಟಿಯಲ್ಲೇ. ಆದರೆ ಬದುಕು, ಯೌವನ ಇದ್ದ ಜಾಗದಲ್ಲಿ ಈಗ ದುಃಖ, ವೇದನೆ. ಅವನ್ನೂ ನೀನು ತುಂಬುತ್ತೀಯೆ, ಈ ಸಲ ಗೌರವದಿಂದಲ್ಲ, ಪರಿಮಳದಿಂದ. ನಡುವಿನ ಎರಡು ಸಾಲು ಕಿತ್ತು ಹಾಕಿದರೆ ಆಭೋಗ ಕೇವಲ ಎರಡನೇ ಚರಣ. ಅವು ಇದ್ದರೆ, ಅದೇ ಸ್ವರಗಳಿಗೆ ಬೇರೆಯೇ ತೂಕ.

ಇವತ್ತಿನ ವೇದಿಕೆಗಳಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಒಂದೂವರೆ ನಿಮಿಷದಲ್ಲಿ ಹಾಡು ಮುಗಿಸಬೇಕಾದ ಸ್ಪರ್ಧೆಯಲ್ಲಿ ಆಸ್ಥಾಯಿ, ಅಂತರಾ ಹಾಡಿ ಇಳಿದುಬಿಡುತ್ತಾರೆ. ದನಿ ತೋರಿಸಲು ಅಂತರಾವೇ ಚೆನ್ನ, ಸಂಚಾರಿಯಲ್ಲಿ ತೋರಿಸುವಂಥದ್ದೇನೂ ಇಲ್ಲವಲ್ಲ. ಇನ್ನು ಕೆಲವರು ಪೂರ್ತಿ ಹಾಡಿದರೂ ಸಂಚಾರಿಗೂ ಆಭೋಗಕ್ಕೂ ನಡುವೆ ಹತ್ತು ಸೆಕೆಂಡಿನ ಗಿಟಾರ್ ಅಥವಾ ಕೊಳಲಿನ ತುಂಡು ತುರುಕುತ್ತಾರೆ. ತಗ್ಗಿನಿಂದ ಏರುವ ಒತ್ತಡ ಅಲ್ಲೇ ಸೋರಿಹೋಗುತ್ತದೆ.

ಅಭಿಮಾನ ಎಂದರೆ ಹೆಮ್ಮೆಯಲ್ಲ

ಮಾತಿನ ಕಡೆಗೆ ಬಂದರೆ, ಕನ್ನಡಿಗರು ಮೊದಲು ಸರಿಪಡಿಸಿಕೊಳ್ಳಬೇಕಾದ ಪದ ‘ಅಭಿಮಾನ’. ನಮ್ಮಲ್ಲಿ ಅದು ಹೆಮ್ಮೆ. ಅಭಿಮಾನಿ ಎಂದರೆ ಸಿನಿಮಾ ನಟನ ಕಟೌಟಿಗೆ ಹಾಲೆರೆಯುವವನು. ಬಂಗಾಳಿಯಲ್ಲಿ ‘ಓಭಿಮಾನ್’ ಎಂದರೆ ಪ್ರೀತಿಸುವವರ ಮೇಲೆ ಮಾತ್ರ ಬರಬಹುದಾದ ನೋವು: ನಾನು ಹೇಳದೆಯೇ ಅವರಿಗೆ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ. ನಮ್ಮ ಮುನಿಸು ಇದಕ್ಕೆ ಹತ್ತಿರದ ಪದ. ಆದರೆ ಮುನಿಸಿನಲ್ಲಿ ಮುಖ ತಿರುಗಿಸುವುದು ಎದುರಿನವರಿಗೆ ಕಾಣಲಿ ಎಂದೇ. ಅಭಿಮಾನಕ್ಕೆ ಅದನ್ನು ಬಾಯಿ ಬಿಟ್ಟು ಹೇಳಿದರೆ ಬೆಲೆ ಹೋಯಿತು. ಹೊರಗಿನವರ ಮೇಲೆ ಸಿಟ್ಟು ಬರುತ್ತದೆಯೇ ಹೊರತು ಅಭಿಮಾನ ಬರುವುದಿಲ್ಲ. ಹಳೆಯ ಆಧುನಿಕ ಹಾಡುಗಳ ಒಂದು ದೊಡ್ಡ ರಾಶಿ ಈ ಒಂದೇ ಭಾವದ ಮೇಲೆ ನಿಂತಿದೆ. ಅದಕ್ಕೇ ಅಲ್ಲಿ ದೂರು ಇದ್ದರೂ ಬೈಗುಳ ಇರುವುದಿಲ್ಲ.

ಎರಡನೆಯದು ‘ತುಮಿ’. ಬಂಗಾಳಿಯಲ್ಲಿ ಎದುರಿನವರಿಗೆ ಮೂರು ಪದ: ತುಯಿ, ತುಮಿ, ಆಪನಿ. ತುಮಿ ನಡುವಿನದ್ದು, ಗಂಡ, ಹೆಂಡತಿ, ಗೆಳೆಯ, ದೇವರು ಎಲ್ಲರಿಗೂ ಅದೇ. ‘ಅವನು, ಅವಳು’ ಎಂಬ ಭೇದವೂ ಆ ಭಾಷೆಯ ಸರ್ವನಾಮದಲ್ಲಿಲ್ಲ, ಕ್ರಿಯಾಪದದಲ್ಲೂ ಇಲ್ಲ. ಹಾಗಾಗಿ ಹಾಡುವವರು ಗಂಡೋ ಹೆಣ್ಣೋ, ಹಾಡು ಯಾರಿಗೆ, ವ್ಯಾಕರಣ ಬಾಯಿ ಬಿಡುವುದಿಲ್ಲ. ‘ಗೀತವಿತಾನ’ ಸಂಕಲನದಲ್ಲಿ ರವೀಂದ್ರನಾಥರು ತಮ್ಮ ಹಾಡುಗಳನ್ನು ವಿಷಯವಾರು ವಿಂಗಡಿಸಿದಾಗ ಪೂಜಾ ವಿಭಾಗಕ್ಕೆ 617, ಪ್ರೇಮಕ್ಕೆ 395 ಹಾಡು ಬಂದವು. ಆ ಬೇಲಿಯನ್ನು ಎಷ್ಟೋ ಹಾಡುಗಳು ಸಲೀಸಾಗಿ ಹಾರುತ್ತವೆ. ಮದುವೆಯ ಹೊಸದರಲ್ಲಿ ಕೇಳಿದ ಪ್ರೇಮದ ಹಾಡನ್ನೇ ಶ್ರಾದ್ಧದ ದಿನ ಹಾಡಿದರೂ ಒಂದಕ್ಷರ ಬದಲಿಸಬೇಕಾಗುವುದಿಲ್ಲ. ಒಂದು ಹಾಡು ಒಬ್ಬ ಮನುಷ್ಯನ ಜೊತೆ ಐವತ್ತು ವರ್ಷ ಇರುವುದಕ್ಕೆ ಇದಕ್ಕಿಂತ ಸರಳ ಕಾರಣ ಬೇಕಿಲ್ಲ. ಹದಿನೆಂಟನೇ ಶತಮಾನದ ರಾಮಪ್ರಸಾದ ಸೇನರಂತೂ ಕಾಳಿಯನ್ನು ‘ತುಯಿ’ ಎಂದು ಕರೆದು, ತಾಯಿಯನ್ನು ಮಗು ದಬಾಯಿಸುವ ಹಾಗೆ ದಬಾಯಿಸುತ್ತಾರೆ. ದಾಸರ ನಿಂದಾಸ್ತುತಿ ಕೇಳಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಉಚ್ಚಾರಣೆಯ ನಾಲ್ಕು ಕೀಲಿ ಗೊತ್ತಿದ್ದರೆ ಹಾಡಿನ ಅರ್ಧ ಪದಗಳು ನಮಗೆ ಗೊತ್ತಿರುವವೇ ಆಗುತ್ತವೆ. ಅಕಾರ ಒಕಾರದ ಕಡೆ ವಾಲುತ್ತದೆ (ಮಮ ಎಂಬುದು ಮೊಮೊ). ವ ಎಲ್ಲಾ ಬ. ಪದದ ಮೊದಲ ಯ ಎಂದರೆ ಜ, ಹಾಗಾಗಿ ಯೌವನವು ಜೌಬೊನ್. ಸಕಾರ ಬಹುತೇಕ ಶಕಾರ: ಸಾಗರ ಹೋಗಿ ಶಾಗೊರ್. ಕ್ಷ ಕ್ಖ ಆಗುತ್ತದೆ, ಲಕ್ಷ್ಮಿ ಲೊಕ್ಖಿ. ನಾಲ್ಕು ಎಂದು ಹೇಳಿ ಐದಾಯಿತು, ಇರಲಿ. ಕನ್ನಡದಲ್ಲಿ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಎಳೆಯಲು ಸುಲಭ. ಬಂಗಾಳಿಯ ಮೊನ್, ಪ್ರಾಣ್, ಗಾನ್ ವ್ಯಂಜನದಲ್ಲಿ ಮುಗಿಯುವುದರಿಂದ ಗಾಯಕರು ಅದರ ಹಿಂದಿನ ಸ್ವರವನ್ನು ಎಳೆದು, ಕೊನೆಯ ನಕಾರವನ್ನು ಮೂಗಿನಲ್ಲಿ ಹಗುರವಾಗಿ ಮುಚ್ಚುತ್ತಾರೆ. ನಕಾರವನ್ನು ಜೋರಾಗಿ ಒತ್ತಿದಿರೋ, ಸಾಲು ಕತ್ತರಿಸಿದ ಹಾಗೆ ಕೇಳುತ್ತದೆ. ಬೇರೆ ಭಾಷೆಯವರು ಹಾಡುವಾಗ ಮೊದಲು ಎಡವುವುದು ಇಲ್ಲಿ.

ನದಿ, ಕಾರವಾರ, ಮೈಸೂರು

ಧ್ರುಪದ ಕಟ್ಟಡ ಕೊಟ್ಟರೆ, ದನಿಯ ಬಾಗು ಬಂದದ್ದು ನದಿಯಿಂದ. ಭಾಟಾ ಎಂದರೆ ಇಳಿತದ ಹರಿವು. ಭಾಟಿಯಾಲಿ ಆ ಹರಿವಿನಲ್ಲಿ ದೋಣಿ ತಾನೇ ಸಾಗುವಾಗ ಅಂಬಿಗನ ಹಾಡು. ಹುಟ್ಟು ಹಾಕುವ ಕೆಲಸವಿಲ್ಲ, ಆದ್ದರಿಂದ ತಾಳವಿಲ್ಲ. ಎದುರಿಗೆ ಕೇಳುವವರಿಲ್ಲದ್ದರಿಂದ ಮೊದಲ ಸ್ವರವೇ ಮೇಲಿನದ್ದು, ನೀರಿನಾಚೆಗೆ ಕೂಗಿದಂತೆ ಉದ್ದಕ್ಕೆ. ಆಮೇಲೆ ಮೆಟ್ಟಿಲಿಳಿದಂತೆ ಕೆಳಗೆ. ಹುಟ್ಟು ಹಾಕುವಾಗಿನ ಶಾರಿ ಹಾಡುಗಳು ಇದಕ್ಕೆ ಪೂರ್ತಿ ತಿರುಗುಮುರುಗು, ತಾಳವೇ ಪ್ರಾಣ. 1947ರಲ್ಲಿ ದೇಶ ಒಡೆದು ಪೂರ್ವ ಬಂಗಾಳದವರು ಕೋಲ್ಕತ್ತದ ಕಾಲೋನಿಗಳಿಗೆ ಬಂದಾಗ ನದಿ ಆಚೆಯೇ ಉಳಿಯಿತು. ಕೊಮಿಲ್ಲಾದ ಸಚಿನ್ ದೇವ್ ಬರ್ಮನ್‌ರ ಕಂಠದಲ್ಲಿ ಆ ಮೇಲಿನಿಂದ ಇಳಿಯುವ ಸ್ವರ ಕೇಳಿದಾಗ ಅವರಿಗೆ ಕೇಳಿಸುತ್ತಿದ್ದದ್ದು ಒಂದು ಹಾಡು ಮಾತ್ರವಲ್ಲ.

ರವೀಂದ್ರನಾಥರು ಸಿಕ್ಕ ಕಡೆಯಿಂದೆಲ್ಲ ಧಾಟಿ ಎತ್ತಿಕೊಂಡವರು. ಬಾವುಲ್ (ಬಂಗಾಳದ ಜನಪದ ಅನುಭಾವಿ ಗಾಯಕ) ಗಗನ್ ಹರ್ಕರಾ ಅವರ ಹಾಡಿನ ಧಾಟಿ ಇವತ್ತು ಬಾಂಗ್ಲಾದೇಶದ ರಾಷ್ಟ್ರಗೀತೆಯದ್ದು. ಹೀಗೆ ಬೇರೆ ಹಾಡನ್ನು ಒಡೆದು ಕಟ್ಟಿದ್ದಕ್ಕೆ ‘ಭಾಂಗಾ ಗಾನ್’ ಎಂದೇ ಹೆಸರು, ಅಂದರೆ ಒಡೆದ ಹಾಡು. ಅದರಲ್ಲಿ ನಮ್ಮ ಪಾಲೂ ಇದೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ರವೀಂದ್ರರು ಅಲ್ಲಿ ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಅಲ್ಲೇ. ‘ಬೊಡೊ ಆಶಾ ಕೊರೆ’ ಎಂಬ ಬಹುಪ್ರಸಿದ್ಧ ಪ್ರಾರ್ಥನೆಯ ಮೂಲ ‘ಸಖಿ ಬಾ ಬಾ’ ಎಂದು ಶುರುವಾಗುವ ಕನ್ನಡ ಹಾಡು. ಸೋದರಿಯ ಮಗಳು ಸರಳಾದೇವಿ 1890ರ ದಶಕದಲ್ಲಿ ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಪಾಠ ಮಾಡಲು ಬಂದು, ಹೋಗುವಾಗ ಇಲ್ಲಿನ ಧಾಟಿಗಳನ್ನು ಮಾವನಿಗೆ ಕೊಂಡೊಯ್ದರು. ‘ಆನೊಂದೊಲೋಕೆ ಮೊಂಗೊಲಾಲೋಕೆ’ ಬಂದದ್ದು ಹಾಗೆ. ‘ಎಕಿ ಲಾಬೊಣ್ಯೆ’ ಕೇಳಿದ ಕರ್ನಾಟಕ ಸಂಗೀತದವರು ಎರಡನೇ ಸಾಲಿಗೇ ತ್ಯಾಗರಾಜರ ‘ಲಾವಣ್ಯ ರಾಮ’ವನ್ನು ಗುರುತಿಸಿಬಿಡಬಹುದು.

ಮೂರೂಕಾಲು ನಿಮಿಷ, ಐದು ದಿನ

ಹಾಡು ಚೆನ್ನಾಗಿದ್ದರೆ ಸಾಲದು, ಅದು ನೆನಪಿಗೆ ಹೊಲಿದುಕೊಳ್ಳಬೇಕು. ಆ ಕೆಲಸ ಮಾಡಿದ್ದು ದುರ್ಗಾಪೂಜೆಗೆ ಹೊರಬರುತ್ತಿದ್ದ ಗ್ರಾಮಫೋನ್ ತಟ್ಟೆಗಳು. ಹತ್ತು ಇಂಚಿನ, ನಿಮಿಷಕ್ಕೆ 78 ಸುತ್ತಿನ ರೆಕಾರ್ಡಿನ ಒಂದು ಮಗ್ಗುಲಿಗೆ ಮೂರೂಕಾಲು ನಿಮಿಷದಷ್ಟು ಜಾಗ. ಒಬ್ಬ ಗಾಯಕರಿಗೆ ಒಂದು ಪೂಜೆಗೆ ಒಂದು ತಟ್ಟೆ, ಎಂದರೆ ಎರಡು ಹಾಡು. ಇಷ್ಟರಲ್ಲೇ ನಾಲ್ಕೂ ತುಕ್ ಕೂರಿಸಬೇಕಾದ್ದರಿಂದ ಸಾಲುಗಳು ಬಿಗಿಯಾದವು. ಗೌರೀಪ್ರಸನ್ನ ಮಜುಮ್ದಾರ್, ಪುಲಕ್ ಬಂದ್ಯೋಪಾಧ್ಯಾಯರಂಥ ಗೀತರಚನಕಾರರ ಕೈ ಪಳಗಿದ್ದು ಈ ಇಕ್ಕಟ್ಟಿನಲ್ಲೇ. ಎಚ್‌ಎಂವಿ ಕಂಪನಿ ‘ಶಾರದ ಅರ್ಘ್ಯ’ ಎಂಬ ಪುಸ್ತಿಕೆಯಲ್ಲಿ ಆ ವರ್ಷದ ಹಾಡುಗಳ ಸಾಹಿತ್ಯ ಅಚ್ಚು ಹಾಕಿಸುತ್ತಿತ್ತು. ಜನ ಕೇಳಿ ಮಾತ್ರವಲ್ಲ, ಓದಿಯೂ ಕಲಿತರು. ಆಮೇಲೆ ಐದು ದಿನ ಪೆಂಡಾಲಿನ ಧ್ವನಿವರ್ಧಕದಲ್ಲಿ ಅವೇ ಹಾಡು, ಅದೇ ಶಿಉಲಿ ಹೂವಿನ (ನಮ್ಮ ಪಾರಿಜಾತ) ವಾಸನೆ, ಹೊಸ ಬಟ್ಟೆ. ಮರುವರ್ಷ ಮತ್ತೆ. ಮನುಷ್ಯರಿಗೆ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳೇ ಮುಂದೆ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂದು ನೆನಪಿನ ಅಧ್ಯಯನ ಮಾಡುವವರು ಹೇಳುತ್ತಾರೆ. ಅದರ ಮೇಲೆ ವರ್ಷಕ್ಕೊಮ್ಮೆ ಸುತ್ತಿಗೆ ಬಿದ್ದರೆ ಕೇಳಬೇಕೇ?

ತಟ್ಟೆಯ ಮಿತಿಯನ್ನೇ ಅರ್ಥವಾಗಿಸಿದ ಹಾಡು 1949ರ ‘ಗಾಂಯೇರ್ ಬೊಧು’. ಸಲಿಲ್ ಚೌಧರಿ ಬರೆದು ರಾಗ ಹಾಕಿದ್ದು, ಹೇಮಂತ ಮುಖೋಪಾಧ್ಯಾಯ ಹಾಡಿದ್ದು. ಎರಡೂ ಮಗ್ಗುಲು ಸೇರಿ ಒಂದೇ ಹಾಡು, ಸುಮಾರು ಆರು ನಿಮಿಷ. ಮೊದಲ ಮಗ್ಗುಲಲ್ಲಿ ಹಳ್ಳಿಯ ಸೊಸೆಯೊಬ್ಬಳ ತುಂಬಿದ ಮನೆ. ಎದ್ದು ಹೋಗಿ ಮುಳ್ಳು ಎತ್ತಿ ತಟ್ಟೆ ಮಗುಚಬೇಕು. ಮಗುಚಿದರೆ ಕ್ಷಾಮ. 1943ರ ಕ್ಷಾಮದಲ್ಲಿ ಬಂಗಾಳದಲ್ಲಿ ಸತ್ತವರು ಸುಮಾರು ಮೂವತ್ತು ಲಕ್ಷ. ಕೇಳುವ ಮನೆಗಳಿಗೆ ಅದು ಆರೇ ವರ್ಷದ ಹಿಂದಿನ ಮಾತು. ಈಗ ಫೋನಿನಲ್ಲಿ ಒಂದೇ ಉಸಿರಿಗೆ ಕೇಳುವಾಗ ಆ ಮಗುಚುವ ಗಳಿಗೆ ನಮಗೆ ಸಿಗುವುದಿಲ್ಲ. ಅಲ್ಲೊಮ್ಮೆ ನಿಲ್ಲಿಸಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ ಮತ್ತೆ ಕೇಳಿ ನೋಡಿ. (1977ರ ಕನ್ನಡದ ‘ಕೋಕಿಲ’ ಚಿತ್ರಕ್ಕೆ ಸಂಗೀತ ಕೊಟ್ಟ ಸಲಿಲ್ ಚೌಧರಿ ಇವರೇ.)

‘ಕಾಫಿ ಹೌಸೇರ್ ಶೇಯಿ ಅಡ್ಡಾಟಾ’ ಇನ್ನೊಂದು ಬಗೆ. 1983ರ ಹಾಡು, ಗೌರೀಪ್ರಸನ್ನರ ಮಾತು, ಸುಪರ್ಣಕಾಂತಿ ಘೋಷರ ರಾಗ, ಮನ್ನಾ ಡೇ ಕಂಠ. ಕಾಲೇಜ್ ಸ್ಟ್ರೀಟಿನ ಕಾಫಿ ಹೌಸಿನಲ್ಲಿ ಹರಟುತ್ತಿದ್ದ ಏಳು ಗೆಳೆಯರು ಏನಾದರು ಎಂಬುದರ ಲೆಕ್ಕ. ನಿಖಿಲೇಶ್ ಪ್ಯಾರಿಸ್‌ನಲ್ಲಿ, ಮೊಯಿದುಲ್ ಢಾಕಾದಲ್ಲಿ, ಗಿಟಾರ್ ನುಡಿಸುತ್ತಿದ್ದ ಗೋವಾದ ಡಿಸೋಜಾ ಗೋರಿಯಲ್ಲಿ, ರಮಾ ರಾಯ್ ಹುಚ್ಚಾಸ್ಪತ್ರೆಯಲ್ಲಿ, ಕವಿ ಅಮಲನಿಗೆ ಕ್ಯಾನ್ಸರ್. ಎಲ್ಲರಿಗಿಂತ ಸುಖವಾಗಿರುವವಳು ಸುಜಾತಾ ಒಬ್ಬಳೇ, ಗಂಡ ಲಕ್ಷಾಧಿಪತಿ. ‘ದುಃಖವಾಗಿದೆ’ ಎಂದು ಹಾಡು ಹೇಳುವುದಿಲ್ಲ, ಹಾಜರಿ ಕರೆಯುತ್ತದೆ. ಹೆಸರು, ಊರು, ಕಾಯಿಲೆ. ಅಳು ಬರುವುದು ವಿಶೇಷಣದಿಂದಲ್ಲ, ಇಂಥ ಪಟ್ಟಿಯಿಂದ. ಆ ಹೆಸರುಗಳ ಜಾಗದಲ್ಲಿ ಕೇಳುಗರು ತಮ್ಮ ಏಳು ಜನರನ್ನು ಕೂರಿಸಿಕೊಳ್ಳುತ್ತಾರೆ. 1942ರಲ್ಲಿ ಆಲ್ಬರ್ಟ್ ಹಾಲಿನಲ್ಲಿ ಆ ಕಾಫಿ ಹೌಸ್ ತೆರೆದದ್ದು ಕಾಫಿ ಮಂಡಳಿ; ಅದರ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಇದಕ್ಕೂ ಹಾಡಿಗೂ ಸಂಬಂಧವಿಲ್ಲ, ಆದರೂ ಹೇಳದಿರಲು ಮನಸ್ಸು ಬರಲಿಲ್ಲ.

ಅಭ್ಯಾಸದ ಬಲ ಎಷ್ಟೆಂಬುದಕ್ಕೆ 1976 ಸಾಕ್ಷಿ. ಮಹಾಲಯದ ದಿನ ಬೆಳಗಿನ ನಾಲ್ಕು ಗಂಟೆಗೆ ಆಕಾಶವಾಣಿ ‘ಮಹಿಷಾಸುರಮರ್ದಿನಿ’ಯನ್ನು ಬಿತ್ತರಿಸುವುದು 1930ರ ದಶಕದಿಂದ ನಡೆದು ಬಂದ ಪದ್ಧತಿ: ಬೀರೇಂದ್ರಕೃಷ್ಣ ಭದ್ರರ ಚಂಡೀಪಾಠ, ಪಂಕಜ್ ಮಲ್ಲಿಕರ ಸಂಗೀತ. ಆ ವರ್ಷ ಅದನ್ನು ತೆಗೆದು ಹೊಸದನ್ನು ಹಾಕಿದರು. ಸಂಗೀತ ಹೇಮಂತರದ್ದು, ದನಿ ತಾರಾನಟ ಉತ್ತಮ್ ಕುಮಾರ್‌ರದ್ದು. ಬಂಗಾಳದಲ್ಲಿ ಆಗ ಇವರಿಬ್ಬರಿಗಿಂತ ದೊಡ್ಡ ಹೆಸರಿತ್ತೇ? ಜನ ಸಿಡಿದೆದ್ದರು, ಹಳೆಯದೇ ಮರಳಿ ಬಂತು.

ಹಾಡುವುದರಲ್ಲಿ ಕೆಡುವುದು

ರವೀಂದ್ರಸಂಗೀತಕ್ಕೆ ‘ಸ್ವರವಿತಾನ’ದ ಸಂಪುಟಗಳಲ್ಲಿ ಸ್ವರಲಿಪಿ ಇದೆ, ಮನೋಧರ್ಮಕ್ಕೆ ಜಾಗ ಕಡಿಮೆ. ಈ ಬಗ್ಗೆ ಗಾಯಕ, ಸಂಯೋಜಕ ದಿಲೀಪ್ ಕುಮಾರ್ ರಾಯ್ ಜೊತೆ ರವೀಂದ್ರನಾಥರು ದೀರ್ಘ ವಾದವನ್ನೇ ಮಾಡಿದರು. ತಾನು ಖಾಲಿ ಬಿಟ್ಟಿಲ್ಲದ ಜಾಗವನ್ನು ಬೇರೆಯವರು ತುಂಬುವುದು ಅವರಿಗೆ ಬೇಡವಿತ್ತು. 2001ರ ಕೊನೆಗೆ ಹಕ್ಕುಸ್ವಾಮ್ಯ ಮುಗಿಯುವವರೆಗೆ ರವೀಂದ್ರನಾಥರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಸಂಗೀತ ಮಂಡಳಿ ರೆಕಾರ್ಡಿಂಗಿಗೆ ಒಪ್ಪಿಗೆ ಕೊಡಬೇಕಿತ್ತು. ವಾದ್ಯ ಹೆಚ್ಚಾಯಿತು, ಭಾವ ಅತಿಯಾಯಿತು ಎಂಬ ಆಕ್ಷೇಪ ಕೇಳಿ ಕೇಳಿ ದೇವವ್ರತ ಬಿಸ್ವಾಸ್‌ರಂಥ ಗಾಯಕರು ರೆಕಾರ್ಡಿಂಗನ್ನೇ ಬಿಟ್ಟರು. ಮಂಡಳಿಯ ಬಿಗಿ ಅತಿಯಾಗಿತ್ತು, ನಿಜ. ಆದರೆ ಅದು ಹೋದ ಮೇಲೆ ಬಂದದ್ದನ್ನೆಲ್ಲ ಕೇಳಿದರೆ ಆ ಹಿರಿಯರ ಮೇಲೆ ಸ್ವಲ್ಪ ಕನಿಕರವೂ ಬರುತ್ತದೆ.

ಸಾಮಾನ್ಯವಾಗಿ ಕೆಡುವುದು ಲಯ. ದುಃಖದ ಹಾಡೆಂದು ನಿಧಾನ ಮಾಡುತ್ತಾರೆ. ಸಾಲು ಒಂದುಸಿರಿಗೆ ಮುಗಿಯದೆ ಪದದ ನಡುವೆ ಉಸಿರು ಬೀಳುತ್ತದೆ, ಮಾತು ಒಡೆಯುತ್ತದೆ. ಝಂಪಕ ತಾಳ (3+2) ನಮ್ಮ ಖಂಡಚಾಪುವನ್ನು ತಿರುಗಿಸಿಟ್ಟಂತೆ. ತೇವರಾ 3+2+2, ನವತಾಳ 3+2+2+2. ಈ ಮಡಿಕೆಗಳೆಲ್ಲ ಮಾತು ತಿರುಗುವ ಜಾಗಕ್ಕೆ ಹೊಂದಿಸಿ ಇಟ್ಟವು. ಅವನ್ನು ಸಲೀಸಾಗಲೆಂದು ಆರು ಅಥವಾ ಎಂಟು ಮಾತ್ರೆಗೆ ಎಳೆದರೆ ತಪ್ಪಾದ ಅಕ್ಷರಕ್ಕೆ ಪೆಟ್ಟು ಬೀಳುತ್ತದೆ. ಇನ್ನೊಂದು, ಕಂಪನ. ಹೇಮಂತರ ಹಾಡಿನಲ್ಲಿ ಗಮಕವೇ ಇಲ್ಲವೆನ್ನುವಷ್ಟು ಕಡಿಮೆ. ಎದೆಯಿಂದ ಬರುವ ದನಿ, ಎದುರು ಕೂತವರಿಗೆ ಹೇಳುವಷ್ಟೇ ಜೋರು. ಟಪ್ಪಾ (ವೇಗದ ತಾನಗಳ ಒಂದು ಹಿಂದೂಸ್ತಾನಿ ಪ್ರಕಾರ) ಅಂಗದ ಹಾಡುಗಳಲ್ಲಿ ಕಾಳು ಪೋಣಿಸಿದಂಥ ಚಿಕ್ಕ ಸ್ವರಗಳಿಗೆ ‘ದಾನಾ’ ಎನ್ನುತ್ತಾರೆ; ಕಣಿಕಾ ಬಂದ್ಯೋಪಾಧ್ಯಾಯ ಹಾಡಿದ್ದನ್ನು ಕೇಳಿದರೆ ಅವು ಪದದ ಒಳಗೇ ಉರುಳುತ್ತವೆ, ಪದದ ಮೇಲೆ ಅಂಟಿಸಿದಂತಿರುವುದಿಲ್ಲ.

ಕೇಳಲು ಹೊರಟವರು ಒಂದು ಹಾಡನ್ನು ಆರಿಸಿ, ಹಳೆಯ ಧ್ವನಿಮುದ್ರಣವನ್ನೇ ಹಿಡಿಯಿರಿ. ಮೊದಲ ಸಲ ಅರ್ಥ ನೋಡಬೇಡಿ. ಧಾಟಿ ಕೆಳಗಿಳಿದು ಹೊಸದಾಗುವ ಜಾಗವನ್ನು ಮಾತ್ರ ಗುರುತು ಮಾಡಿಕೊಳ್ಳಿ. ಹೆಚ್ಚಾಗಿ ಅದು ಹಾಡಿನ ಅರ್ಧ ದಾಟಿದ ಮೇಲೆ ಸಿಗುತ್ತದೆ. ಎರಡನೇ ಸಲ ಸಾಹಿತ್ಯ ಎದುರಿಗಿಟ್ಟುಕೊಂಡು, ಅಂತರಾದ ಯಾವ ಪದ ಇದ್ದಲ್ಲಿ ಆಭೋಗದಲ್ಲಿ ಯಾವ ಪದ ಬಂದಿದೆ ಎಂದು ಒಂದರ ಕೆಳಗೊಂದು ಬರೆದುಕೊಳ್ಳಿ. ‘ತುಮಿ ರೊಬೆ ನೀರೊಬೆ’ಯಾದರೆ ಜೀಬೊನ್, ಜೌಬೊನ್ ಮೇಲೆ, ದುಃಖ, ಬೇದೊನ್ ಕೆಳಗೆ. ಮೂರನೇ ಸಲ ಕಾಗದ ಬೇಡ, ದೀಪವೂ ಬೇಡ.